ಎಡಗಡೆ ಮುಂದಿನ ಟೈರ್: ಎಸ್‌ಟಿ ಹಾಕೋದಾ, ಎಲ್‌ಟಿ ಹಾಕೋದಾ?

2022ರ ಜೂನ್ ಮೊದಲ ವಾರ, ಮಧ್ಯಾಹ್ನ ಸುಮಾರು ಮೂರು ಗಂಟೆ. ಟೆಕ್ಸಸ್‌ನ ಐ-10 ಹೆದ್ದಾರಿಯಲ್ಲಿ ಸೊನೋರಾ ದಾಟಿ ಓಝೋನಾ ಕಡೆಗೆ ಹೋಗುತ್ತಿದ್ದೆವು. ಹೊರಗೆ 101 ಡಿಗ್ರಿ ಫ್ಯಾರನ್‌ಹೀಟ್ ಬಿಸಿಲು. ಪಿಕಪ್‌ನಲ್ಲಿ ಭಾವ, ಅಕ್ಕ, ಅವರ ಇಬ್ಬರು ಮಕ್ಕಳು, ಮಂಡ್ಯದಿಂದ ಆರು ತಿಂಗಳಿಗೆಂದು ಬಂದಿದ್ದ ಭಾವನ ಅಪ್ಪ (ನನಗೂ ಮಾವ), ಜೊತೆಗೆ ನಾನು. ಹಿಂದೆ 28 ಅಡಿ ಉದ್ದದ ಟ್ರಾವೆಲ್ ಟ್ರೇಲರ್, ಅಂದರೆ ಗಾಡಿಗೆ ಕಟ್ಟಿ ಎಳೆಯುವ ಚಕ್ರದ ಮನೆ. ಫೋರ್ಟ್ ಡೇವಿಸ್ ಹತ್ತಿರದ ಮೆಕ್‌ಡೊನಾಲ್ಡ್ ವೀಕ್ಷಣಾಲಯಕ್ಕೆ ಹೋಗಿ ಮಕ್ಕಳಿಗೆ ನಕ್ಷತ್ರ ತೋರಿಸಬೇಕು ಅಂತ ಹ್ಯೂಸ್ಟನ್ ಪಕ್ಕದ ಕೇಟಿಯಿಂದ ಬೆಳಿಗ್ಗೆಯೇ ಹೊರಟಿದ್ದೆವು.

ಮೊದಲು ತಗಡಿನ ಮೇಲೆ ಯಾರೋ ಚಪ್ಪಲಿಯಲ್ಲಿ ಹೊಡೆದ ಹಾಗೆ ಪಟಪಟ ಸದ್ದು. ಹತ್ತು ಸೆಕೆಂಡ್ ಆಗಿರಬಹುದು, ಢಬ್ ಅಂತ ಒಂದು ಏಟು. ಕನ್ನಡಿಯಲ್ಲಿ ನೋಡಿದರೆ ಕಪ್ಪು ರಬ್ಬರ್ ತುಂಡುಗಳು ರಸ್ತೆ ತುಂಬಾ ಹಾರುತ್ತಿದ್ದವು. ಭಾವ ಗಾಬರಿಯಲ್ಲಿ ಬ್ರೇಕ್ ತುಳಿಯಲಿಲ್ಲ, ನಿಧಾನಕ್ಕೆ ಪಕ್ಕಕ್ಕೆ ತಂದರು. ಅದಕ್ಕೇ ಇವತ್ತು ಇದನ್ನು ಬರೆಯುತ್ತಿದ್ದೇನೆ. ಟ್ರೇಲರ್‌ಗೆ ಎಸ್‌ಟಿ, ಅಂದರೆ ಟ್ರೇಲರ್‌ಗೇ ಮಾಡಿದ ಟೈರ್ ಹಾಕೋದಾ, ಎಲ್‌ಟಿ, ಅಂದರೆ ಪಿಕಪ್‌ನ ಟೈರ್ ಹಾಕೋದಾ ಅನ್ನುವ ಪ್ರಶ್ನೆ ನಮಗೆ ಹುಟ್ಟಿದ್ದು ಅವತ್ತೇ.

ಟ್ರೇಲರಿನ ಎಡಗಡೆ ಮುಂದಿನ ಟೈರ್ ಹೋಗಿತ್ತು. ಮೇಲಿನ ಟ್ರೆಡ್ ಪಟ್ಟಿ ಪೂರ್ತಿ ಕಿತ್ತುಬಂದಿತ್ತು, ಪಕ್ಕದ ಗೋಡೆ ಮಾತ್ರ ರಿಮ್‌ಗೆ ಬಳೆಯ ಹಾಗೆ ನೇತಾಡುತ್ತಿತ್ತು. ಹೋಗುವಾಗ ಸುಮ್ನೆ ಹೋಗಿರಲಿಲ್ಲ. ಫೆಂಡರ್ (ಮಡ್‌ಗಾರ್ಡ್) ಸೀಳಿತ್ತು, ಟ್ರೇಲರ್ ಬ್ರೇಕಿನ ವೈರ್ ತುಂಡಾಗಿತ್ತು, ಅಡಿಯ ತಗಡು ಮಡಚಿಕೊಂಡಿತ್ತು. ಗ್ಯಾಸ್ ಪೈಪ್ ಅಲ್ಲಿಂದ ಒಂದು ಗೇಣು ದೂರದಲ್ಲಿ ಹಾದುಹೋಗುತ್ತದೆ.

ಜ್ಯಾಕ್ ಹಾಕುವ ಕಷ್ಟ ಬೀಳಲಿಲ್ಲ. ಎರಡು ಆಕ್ಸಲ್‌ನ ಟ್ರೇಲರ್ ಆದ್ದರಿಂದ ಹಿಂದಿನ ಚಕ್ರವನ್ನು ಮರದ ತುಂಡುಗಳ ಮೇಲೆ ಹತ್ತಿಸಿದೆವು, ಮುಂದಿನದು ತಾನೇ ನೆಲ ಬಿಟ್ಟಿತು. ಈ ಉಪಾಯ ಹೇಳಿದ್ದು ಭಾವನ ಅಪ್ಪ. ಅವರು ವರ್ಷಗಟ್ಟಲೆ ಟ್ರ್ಯಾಕ್ಟರ್ ಟ್ರೇಲರ್‌ನಲ್ಲಿ ಮೈಶುಗರ್ ಸಕ್ಕರೆ ಕಾರ್ಖಾನೆಗೆ ಕಬ್ಬು ಹೊಡೆದವರು. ಸ್ಟೆಪ್ನಿ ಹಾಕಿ, ನಟ್ ಬಿಗಿ ಮಾಡಿ, ಒಡೆದ ಟೈರನ್ನು ಎಸೆಯದೆ ಪಿಕಪ್‌ನ ಹಿಂದೆ ಹಾಕಿಕೊಂಡೆವು. ಒಡೆದ ಟೈರ್ ಎಸೆಯಬಾರದು. ಏನಾಯಿತು ಅನ್ನೋದಕ್ಕೆ ಅದೊಂದೇ ಸಾಕ್ಷಿ.

ಸಾಕ್ಷಿ ಏನು ಹೇಳಿತು

ಆ ಟೈರಿನ ಮೇಲೆ ಬರೆದಿದ್ದು ಇಷ್ಟು: ಎಸ್‌ಟಿ205/75ಆರ್14, ಲೋಡ್ ರೇಂಜ್ ಸಿ, ಗರಿಷ್ಠ 1,760 ಪೌಂಡ್, 50 ಪಿಎಸ್‌ಐ ಗಾಳಿಯಲ್ಲಿ. ಡಾಟ್ ಸಂಖ್ಯೆಯ, ಅಂದರೆ ಅಮೆರಿಕದ ಸಾರಿಗೆ ಇಲಾಖೆಯ ನಿಯಮದಂತೆ ಟೈರಿನ ಮೇಲೆ ಒತ್ತುವ ಗುರುತಿನ, ಕೊನೆಯ ನಾಲ್ಕು ಅಂಕಿ 3116.

ಒಂದೊಂದಾಗಿ ಬಿಡಿಸುತ್ತೇನೆ. ಎಸ್‌ಟಿ ಅಂದರೆ ಸ್ಪೆಷಲ್ ಟ್ರೇಲರ್, ಅಂದರೆ ಎಂಜಿನ್ ಇಲ್ಲದ, ಎಳೆಸಿಕೊಂಡು ಹೋಗುವ ಗಾಡಿಗೆ ಮಾತ್ರ ಮಾಡಿದ ಟೈರ್. 14 ರಿಮ್‌ನ ಇಂಚು. ಅದಕ್ಕೆ ಮೊದಲಿರುವ 'ಆರ್' ರೇಡಿಯಲ್ ಅನ್ನೋದರ ಗುರುತು, ಅಂದರೆ ಒಳಗಿನ ದಾರಗಳು ಅಂಚಿನಿಂದ ಅಂಚಿಗೆ ನೇರ ಹೋಗುವ ಟೈರ್. ಲೋಡ್ ರೇಂಜ್ ಅನ್ನೋದು ಭಾರ ಹೊರುವ ದರ್ಜೆ, ಸಿಗಿಂತ ಡಿ, ಡಿಗಿಂತ ಇ ಗಟ್ಟಿ. 1,760 ಪೌಂಡ್ ಅಂದರೆ ಸುಮಾರು 800 ಕಿಲೋ. 3116 ಅಂದರೆ 2016ನೇ ಇಸವಿಯ 31ನೇ ವಾರ ತಯಾರಾದದ್ದು. ಅಂದರೆ ಟೈರಿಗೆ ಆರು ವರ್ಷ ಹತ್ತಿರವಾಗಿತ್ತು. ಭಾವ 2019ರಲ್ಲಿ ಟ್ರೇಲರನ್ನು ಸೆಕೆಂಡ್ ಹ್ಯಾಂಡ್ ಕೊಂಡಾಗ ಈ ಟೈರ್‌ಗಳೇ ಇದ್ದವು. "ಬಟನ್ ಇನ್ನೂ ಹೊಸದರಂಗೇ ಐತಲ್ಲಪ್ಪ" ಅಂತ ಮಾವ ಉಳಿದ ಟೈರ್‌ಗಳನ್ನು ಮುಟ್ಟಿ ಹೇಳಿದರು. ನಿಜ, ಬಟನ್, ಅಂದರೆ ಟ್ರೆಡ್‌ನ ಉಬ್ಬು, ಸವೆದೇ ಇರಲಿಲ್ಲ. ವರ್ಷಕ್ಕೆ ನಾಲ್ಕು ಸಲ ಓಡುವ ಗಾಡಿಯ ಟೈರ್ ಸವೆದು ಸಾಯುವುದು ಕಡಿಮೆ. ನಿಂತಲ್ಲೇ ಬಿಸಿಲಿಗೆ, ಗಾಳಿಯ ಓಝೋನ್‌ಗೆ ರಬ್ಬರ್ ಒಣಗಿ ಸಾಯುತ್ತದೆ. ಟ್ರೇಲರ್ ಟೈರನ್ನು ಬಟನ್ ಎಷ್ಟೇ ಇರಲಿ ಮೂರರಿಂದ ಐದು ವರ್ಷಕ್ಕೆ ಬದಲಿಸಿ ಅಂತ ತಿಳಿದವರು ಹೇಳುವುದು ಇದಕ್ಕೇ.

ಎರಡನೆಯದು ವೇಗ. ಹಳೆಯ ಎಸ್‌ಟಿ ಟೈರ್‌ಗಳ ಮೇಲೆ ವೇಗದ ಅಕ್ಷರ ಇಲ್ಲದಿದ್ದರೆ ಅದರ ಮಿತಿ ಗಂಟೆಗೆ 65 ಮೈಲಿ ಅಂತ ಲೆಕ್ಕ. ಇದರ ಮೇಲೆ ಅಕ್ಷರ ಇರಲಿಲ್ಲ. ಪಶ್ಚಿಮ ಟೆಕ್ಸಸ್‌ನ ಐ-10ರಲ್ಲಿ ವೇಗದ ಮಿತಿ 80. ಭಾವ 74ರಲ್ಲಿ ಹೋಗುತ್ತಿದ್ದರು. "ಎಲ್ಲರೂ ನನ್ನನ್ನ ಓವರ್‌ಟೇಕ್ ಮಾಡ್ತಿದ್ರು ಕಣೋ" ಅಂದರು ಆಮೇಲೆ. ರಸ್ತೆಯ ಬೋರ್ಡು ರಸ್ತೆಗೆ, ಟೈರಿನ ಬರಹ ಟೈರಿಗೆ. ಕ್ಯಾಲಿಫೋರ್ನಿಯಾದಲ್ಲಿ ಟ್ರೇಲರ್ ಎಳೆಯುವ ಗಾಡಿಗೆ 55 ಮೈಲಿಗಿಂತ ಜಾಸ್ತಿ ಹೋಗುವ ಹಾಗೇ ಇಲ್ಲ. ಟೆಕ್ಸಸ್ ಅಂಥ ಕಟ್ಟು ಹಾಕಿಲ್ಲ.

ಮೂರನೆಯದು ಗಾಳಿ. ಇಲ್ಲೇ ನಮ್ಮ ನಿಜವಾದ ತಪ್ಪು. ಕಾರಿಗೆ 35 ಪಿಎಸ್‌ಐ ಹೊಡೆಸಿ ಅಭ್ಯಾಸವಾದ ಕೈ, 50 ಅಂದರೆ ಜಾಸ್ತಿ ಅನ್ನಿಸುತ್ತದೆ. ಒಳಗಿನ ಪಾತ್ರೆ ಅಲುಗಾಡದೆ ಮೆತ್ತಗೆ ಹೋಗಲಿ ಅಂತ ಭಾವ 45 ಇಟ್ಟಿದ್ದರು. ಟೈರ್ ಭಾರ ಹೊರುವುದು ರಬ್ಬರಿನಿಂದಲ್ಲ, ಒಳಗಿನ ಗಾಳಿಯಿಂದ. ಇದೇ ಅಳತೆಯ ಟೈರ್ 50 ಪಿಎಸ್‌ಐನಲ್ಲಿ 1,760 ಪೌಂಡ್ ಹೊತ್ತರೆ, 45ರಲ್ಲಿ ಹೊರುವುದು 1,640 ಮಾತ್ರ. 40ಕ್ಕೆ ಇಳಿಸಿದರೆ 1,530. ಬರೀ ಐದು ಪಿಎಸ್‌ಐ ಕಡಿಮೆ ಮಾಡಿ 120 ಪೌಂಡ್ ಕಳೆದುಕೊಂಡಿದ್ದೆವು.

ಮಾವನ ಅಂಗೈ

ಮುಂದಿನ ಟ್ರಕ್ ಸ್ಟಾಪ್‌ನಲ್ಲಿ ಗಾಳಿ 50ಕ್ಕೆ ಏರಿಸಿ, ಅಲ್ಲೇ ಇದ್ದ ಕ್ಯಾಟ್ ಸ್ಕೇಲ್ ಮೇಲೆ ಗಾಡಿ ಹತ್ತಿಸಿದೆವು. ಕ್ಯಾಟ್ ಸ್ಕೇಲ್ ಅಂದರೆ ಲಾರಿ ತೂಗುವ ವೇ ಬ್ರಿಡ್ಜ್. ಅಮೆರಿಕದ ಹೆದ್ದಾರಿ ಬದಿಯಲ್ಲಿ ಎಲ್ಲೆಂದರಲ್ಲಿ ಸಿಗುತ್ತದೆ, ಸಾಮಾನ್ಯ ಜನರೂ ದುಡ್ಡು ಕೊಟ್ಟು ತೂಗಿಸಬಹುದು. ಟ್ರೇಲರ್‌ನ ಎರಡೂ ಆಕ್ಸಲ್ ಸೇರಿ 6,780 ಪೌಂಡ್ ಬಂತು. ಒಂದೊಂದು ಆಕ್ಸಲ್‌ನ ಮಿತಿ 3,500, ಎರಡಕ್ಕೆ 7,000. ನಾಲ್ಕು ಟೈರ್‌ನ ಶಕ್ತಿ 1,760ರ ನಾಲ್ಕರಷ್ಟು, 7,040. "ಮಿತಿಯೊಳಗೇ ಇದೆ. ಹಾಗಾದ್ರೆ ಟೈರೇ ಕಳಪೆ" ಅಂತ ಭಾವ ತೀರ್ಪು ಕೊಟ್ಟುಬಿಟ್ಟರು.

ಮಾವ ಅಷ್ಟರಲ್ಲಿ ಗಾಡಿಯ ಸುತ್ತ ಒಂದು ಸುತ್ತು ಹಾಕಿ ಬಂದಿದ್ದರು. ಕಬ್ಬಿನ ಗಾಡಿ ಓಡಿಸುವಾಗಿನ ಅಭ್ಯಾಸ, ನಿಂತ ಕೂಡಲೇ ಪ್ರತಿ ಟೈರಿನ ಗೋಡೆಗೆ ಅಂಗೈ ಇಟ್ಟು ನೋಡುವುದು. "ಎಡಗಡೆ ಎರಡೂ ಬಿಸಿ ಐತೆ. ಬಲಗಡೆ ಅಷ್ಟಿಲ್ಲ. ಲೋಡ್ ವಾಲ್ಕೊಂಡೈತೆ ಕಣಪ್ಪ" ಅಂದರು. ಎಡಗಡೆ ಬಿಸಿಲು ಬಿದ್ದಿತ್ತಲ್ವಾ ಅಂತ ನಾನು ವಾದಿಸಿದೆ. ಪಶ್ಚಿಮಕ್ಕೆ ಹೋಗುವ ಗಾಡಿಯ ಎಡಮಗ್ಗುಲು ದಕ್ಷಿಣಕ್ಕೆ, ಬಿಸಿಲು ಅಲ್ಲೇ ಬೀಳುತ್ತದೆ. ಅವರು ನಕ್ಕು ಸುಮ್ಮನಾದರು.

ಆದರೂ ಮನಸ್ಸಿನಲ್ಲಿ ಅದು ಕೂತಿತು. ಕುಡಿಯುವ ನೀರಿನ ಟ್ಯಾಂಕ್‌ನಲ್ಲಿ 40 ಗ್ಯಾಲನ್ ಇತ್ತು. ಗ್ಯಾಲನ್ ನೀರು 8.3 ಪೌಂಡ್ ಚಿಲ್ಲರೆ ತೂಗುತ್ತದೆ, ಒಟ್ಟು 330 ದಾಟುತ್ತದೆ. ಆ ಬರಡು ನೆಲಕ್ಕೆ ಅಷ್ಟನ್ನೂ ಬಿಟ್ಟು, 60 ಮೈಲಿ ವೇಗದಲ್ಲಿ ಫೋರ್ಟ್ ಡೇವಿಸ್ ಸೇರಿದೆವು. ಅಷ್ಟೊತ್ತಿಗೆ ರಾತ್ರಿಯಾಗಿತ್ತು, ಮಕ್ಕಳು ಮಲಗಿದ್ದರು. ನಕ್ಷತ್ರ ನೋಡಿದ್ದು ಮಾರನೇ ದಿನ.

ಎಲ್‌ಟಿ ಪಂಗಡ

ಕ್ಯಾಂಪಿನಲ್ಲಿ ಪಕ್ಕದ ಟ್ರೇಲರಿನ ಹಿರಿಯರೊಬ್ಬರು ನಮ್ಮ ಹರಿದ ಫೆಂಡರ್ ನೋಡಿ ಬಂದರು. ಅವರ ಮಾತು ಒಂದೇ ಸಾಲಿನದು: ಎಸ್‌ಟಿ ಎಲ್ಲಾ ಚೈನಾ ಬಾಂಬ್, ಎಲ್‌ಟಿ ಹಾಕು. ಚೈನಾ ಬಾಂಬ್ ಅನ್ನೋದು ಇಲ್ಲಿನ ಟ್ರೇಲರ್ ಜನರ ನಡುವೆ ಓಡಾಡುವ ಹಳೆಯ ಬೈಗುಳ. ಎಲ್‌ಟಿ ಅಂದರೆ ಲೈಟ್ ಟ್ರಕ್, ಪಿಕಪ್‌ಗೆ ಹಾಕುವ ಟೈರ್. ಭಾವನಿಗೆ ಈ ಮಾತು ಬಹಳ ಹಿಡಿಸಿತು. ವಾಪಸ್ ಬರುವ ದಾರಿ ಉದ್ದಕ್ಕೂ 16 ಇಂಚಿನ ರಿಮ್, ಎಲ್‌ಟಿ ಟೈರ್, ಲೋಡ್ ರೇಂಜ್ ಇ ಅಂತ ಜಪ.

ಆ ಹಿರಿಯರ ಮಾತಿನಲ್ಲಿ ಹುರುಳಿಲ್ಲ ಅಂತ ನಾನು ಹೇಳುವುದಿಲ್ಲ. 2000ದಲ್ಲಿ ಫೈರ್‌ಸ್ಟೋನ್ ಟೈರ್‌ಗಳ ಟ್ರೆಡ್ ಕಿತ್ತುಬಂದು ಗಾಡಿಗಳು ಉರುಳಿದ ಪ್ರಕರಣ ಅಮೆರಿಕವನ್ನು ಅಲ್ಲಾಡಿಸಿತು. ಅದೇ ವರ್ಷ ಸಂಸತ್ತು ಟ್ರೆಡ್ ಆಕ್ಟ್ ಅನ್ನುವ ಕಾನೂನು ಮಾಡಿತು. ಅದರಿಂದ ಹುಟ್ಟಿದ ಫೆಡರಲ್ ಮಾನದಂಡ 139, ಕಾರು ಮತ್ತು ಲೈಟ್ ಟ್ರಕ್ ಟೈರ್‌ಗಳಿಗೆ ಮೊದಲಿಗಿಂತ ಗಟ್ಟಿ ಪರೀಕ್ಷೆ ಇಟ್ಟಿತು. ಆದರೆ ಎಸ್‌ಟಿ ಟೈರ್‌ಗಳನ್ನು ಅದರಿಂದ ಹೊರಗಿಟ್ಟರು. ಅವು ಹಳೆಯ 119ನೇ ಮಾನದಂಡದ ಕೆಳಗೇ ಉಳಿದವು. ಅಂದರೆ ಎಲ್‌ಟಿ ಟೈರ್ ಪಾಸಾಗಿ ಬಂದ ಪರೀಕ್ಷೆಯನ್ನು ಎಸ್‌ಟಿ ಬರೆಯಲೇಬೇಕು ಅಂತಿಲ್ಲ. ಒಳ್ಳೆಯ ಕಂಪನಿ ತಾನಾಗಿ ಚೆನ್ನಾಗಿ ಮಾಡಬಹುದು, ಮಾಡದಿರಲೂಬಹುದು.

ಇನ್ನೊಂದು ಕಡೆ ಎಸ್‌ಟಿಗೂ ತನ್ನದೇ ನ್ಯಾಯ ಇದೆ. ಎರಡು ಆಕ್ಸಲ್‌ನ ಟ್ರೇಲರನ್ನು ಕ್ಯಾಂಪಿನ ಕಿರಿದಾದ ಜಾಗಕ್ಕೆ ಹಿಂದಕ್ಕೆ ತಿರುಗಿಸುವಾಗ ಒಮ್ಮೆ ಕೆಳಗೆ ನಿಂತು ಟೈರ್ ನೋಡಿ. ಕಾರಿನ ಮುಂಚಕ್ರ ತಿರುಗುವ ಹಾಗೆ ಇವು ತಿರುಗುವುದಿಲ್ಲ. ಎರಡೂ ನೇರ ನಿಂತು, ಗಾಡಿ ಮಾತ್ರ ತಿರುಗುತ್ತದೆ. ಒಂದು ಟೈರ್ ಒಳಕ್ಕೆ, ಇನ್ನೊಂದು ಹೊರಕ್ಕೆ ಅಡ್ಡಡ್ಡ ಎಳೆಸಿಕೊಳ್ಳುತ್ತದೆ. ರಿಮ್ ಒಂದು ಕಡೆ, ನೆಲ ಕಚ್ಚಿದ ರಬ್ಬರ್ ಇನ್ನೊಂದು ಕಡೆ. ಒದ್ದೆ ಬಟ್ಟೆ ಹಿಂಡಿದ ಹಾಗೆ. ಒಳಗಿನ ಉಕ್ಕಿನ ಪದರಗಳು ಒಂದರ ಮೇಲೊಂದು ಜಾರಲು ನೋಡುತ್ತವೆ. ದಿನವೂ ಸ್ವಲ್ಪ ಸ್ವಲ್ಪ ಅಂಟು ಬಿಡುತ್ತದೆ, ಒಂದು ದಿನ ಬಿಸಿಲಲ್ಲಿ ಟ್ರೆಡ್ ಕಿತ್ತುಬರುತ್ತದೆ. ನಮ್ಮದು ಹೋದದ್ದೂ ಹೀಗೇ. ಎಸ್‌ಟಿ ಟೈರಿನ ಪಕ್ಕದ ಗೋಡೆಯನ್ನು ಬಿಗಿಯಾಗಿ ಕಟ್ಟುವುದು ಈ ಎಳೆದಾಟಕ್ಕೆ ಮತ್ತು ಟ್ರೇಲರ್ ಬಾಲ ಅಲ್ಲಾಡಿಸದಿರಲಿ ಅಂತ.

ಜೊತೆಗೆ, ಅದೇ ಅಳತೆಯಲ್ಲಿ ಎಲ್‌ಟಿಗಿಂತ ಎಸ್‌ಟಿಗೆ ಜಾಸ್ತಿ ಭಾರ ಬರೆದಿರುತ್ತಾರೆ. ಇದೊಂದು ಕೊಡು-ಕೊಳ್ಳು. 65 ಮೈಲಿಗಿಂತ ಜೋರಾಗಿ ಹೋಗುವುದಿಲ್ಲ ಅಂತ ಒಪ್ಪಿಕೊಂಡದ್ದಕ್ಕೆ ಸಿಕ್ಕ ಹೆಚ್ಚುವರಿ ಪೌಂಡ್‌ಗಳು ಅವು. ನಾವು ಪೌಂಡ್ ತಗೊಂಡೆವು, ಮಾತು ಉಳಿಸಿಕೊಳ್ಳಲಿಲ್ಲ.

ಮಾವನದು ಮೂರನೇ ಪಕ್ಷ. "ನೈಲಾನ್ ಹಾಕ್ಸಿ, ಗಟ್ಟಿ ಇರ್ತದೆ." ನಮ್ಮ ಕಡೆ ನೈಲಾನ್ ಟೈರ್ ಅನ್ನುವುದನ್ನು ಇಲ್ಲಿ ಬಯಾಸ್ ಅನ್ನುತ್ತಾರೆ. ಟ್ರೇಲರ್‌ಗೆ ಇವತ್ತಿಗೂ ಸಿಗುತ್ತದೆ, ಅಳತೆಯಲ್ಲಿ 'ಆರ್' ಇರುವ ಜಾಗದಲ್ಲಿ 'ಡಿ' ಇರುತ್ತದೆ. ಕಬ್ಬಿನ ಗದ್ದೆಯಿಂದ ಕಾರ್ಖಾನೆಗೆ ನಿಧಾನವಾಗಿ ಹೋಗುವ ಗಾಡಿಗೆ ಅದೇ ಸರಿ. ಆದರೆ ಹೆದ್ದಾರಿಯಲ್ಲಿ ಗಂಟೆಗಟ್ಟಲೆ ಓಡಿದರೆ ರೇಡಿಯಲ್‌ಗಿಂತ ಜಾಸ್ತಿ ಬಿಸಿಯಾಗುತ್ತದೆ. ನಮ್ಮ ರೋಗವೇ ಬಿಸಿ. ಮಾವ ಒಪ್ಪಿಕೊಂಡರು, ಅರೆಮನಸ್ಸಿನಿಂದ.

ಕಾರಿನ ಟೈರ್ ಹಾಕಿದರೆ ಹೇಗೆ ಅಂತ ಅಕ್ಕ ಕೇಳಿದಳು. ಪಿ ಅಕ್ಷರದ ಟೈರನ್ನು ಟ್ರೇಲರ್‌ಗೆ ಹಾಕಿದರೆ ಬರೆದಿರುವ ಭಾರವನ್ನು 1.10ರಿಂದ ಭಾಗಿಸಬೇಕು ಅಂತ ನಿಯಮ ಇದೆ. ಮೊದಲೇ ಕಡಿಮೆ, ಭಾಗಿಸಿದರೆ ಇನ್ನೂ ಕಡಿಮೆ. ಆ ಮಾತು ಅಲ್ಲಿಗೇ ಮುಗಿಯಿತು.

ಲಿವಿಂಗ್‌ಸ್ಟನ್‌ನಲ್ಲಿ ತೂಗಿಸಿದ್ದು

ಟೈರ್ ಕೊಳ್ಳುವ ಮುಂಚೆ ಒಂದೊಂದು ಚಕ್ರದ ಭಾರ ಗೊತ್ತಾಗಬೇಕು ಅಂತ ನಾನು ಹಠ ಹಿಡಿದೆ. ನಿಜ ಹೇಳಬೇಕೆಂದರೆ ಮಾವನ ಅಂಗೈ ತಪ್ಪು ಅಂತ ತೋರಿಸುವ ಆಸೆಯೂ ಇತ್ತು. ಕ್ಯಾಟ್ ಸ್ಕೇಲ್ ಆಕ್ಸಲ್‌ಗಳ ಒಟ್ಟು ಭಾರ ಹೇಳುತ್ತದೆ, ಎಡ ಬಲ ಹೇಳುವುದಿಲ್ಲ. ಹ್ಯೂಸ್ಟನ್‌ನಿಂದ ಉತ್ತರಕ್ಕೆ ಸುಮಾರು 75 ಮೈಲಿ ದೂರದ ಲಿವಿಂಗ್‌ಸ್ಟನ್‌ನಲ್ಲಿ ಎಸ್ಕೇಪೀಸ್ ಅನ್ನುವ ಆರ್‌ವಿ (ಇಂಥ ಚಕ್ರದ ಮನೆ ಇರುವವರ) ಕ್ಲಬ್ ಇದೆ. ಅವರು ಸ್ಮಾರ್ಟ್‌ವೇ ಅನ್ನುವ ಹೆಸರಿನಲ್ಲಿ ಪ್ರತಿ ಚಕ್ರವನ್ನೂ ಬೇರೆಬೇರೆಯಾಗಿ ತೂಗುತ್ತಾರೆ. ಪ್ರವಾಸಕ್ಕೆ ಹೊರಟ ದಿನ ಹೇಗೆ ತುಂಬಿತ್ತೋ ಹಾಗೇ ತುಂಬಿ, ನೀರೂ ತುಂಬಿಸಿ, ಗಾಡಿ ಅಲ್ಲಿಗೆ ಒಯ್ದೆವು.

ಬಂದ ಅಂಕಿ: ಎಡ ಮುಂದೆ 1,840. ಎಡ ಹಿಂದೆ 1,750. ಬಲ ಮುಂದೆ 1,610. ಬಲ ಹಿಂದೆ 1,560. ಒಟ್ಟು 6,760.

ಮುಂದಿನ ಆಕ್ಸಲ್ 3,450, ಹಿಂದಿನದು 3,310. ಎರಡೂ 3,500ರ ಒಳಗೆ. ಕಾಗದದ ಮೇಲೆ ಎಲ್ಲಾ ಸರಿ. ಆದರೆ ಎಡಗಡೆ ಬಲಕ್ಕಿಂತ 420 ಪೌಂಡ್ ಭಾರ. ಈಗ ಅವತ್ತಿನ 45 ಪಿಎಸ್‌ಐ ನೆನಪಿಸಿಕೊಳ್ಳಿ. ಆ ಗಾಳಿಯಲ್ಲಿ ಟೈರಿನ ಶಕ್ತಿ 1,640. ಬಲಗಡೆಯ ಎರಡೂ ಟೈರ್ ಅದರೊಳಗೆ ಇದ್ದವು. ಎಡಗಡೆಯ ಎರಡೂ ಮೀರಿದ್ದವು. ಎಡ ಮುಂದಿನದು 200 ಪೌಂಡ್, ಅಂದರೆ ಶೇಕಡಾ 12ರಷ್ಟು ಜಾಸ್ತಿ ಹೊತ್ತು, 65ರ ಟೈರ್ 74ರಲ್ಲಿ, ಆರು ವರ್ಷದ ಮುದಿ ರಬ್ಬರಿನಲ್ಲಿ, 101 ಡಿಗ್ರಿ ಬಿಸಿಲಲ್ಲಿ ಓಡಿತ್ತು. 50 ಪಿಎಸ್‌ಐ ಇದ್ದಿದ್ದರೂ 80 ಪೌಂಡ್ ಜಾಸ್ತಿಯೇ. ಚೈನಾ ಆದರೇನು, ಬೇರೆ ದೇಶದ್ದಾದರೇನು, ಇಷ್ಟನ್ನು ತಡೆದು ಸೊನೋರಾವರೆಗೆ ಬಂದದ್ದೇ ದೊಡ್ಡದು.

ಎಡಗಡೆ ಏನಿತ್ತು? ಹೊರಗೆ ಚಾಚುವ ಅಡುಗೆಮನೆ. ಫ್ರಿಜ್, ಒಲೆ, ಡಬ್ಬಗಳ ಕಪಾಟು. ಇವು ಕಂಪನಿಯವರು ಇಟ್ಟದ್ದು. ಅದರ ಮೇಲೆ ನಮ್ಮ ಸಂಸಾರ: 20 ಪೌಂಡಿನ ಸೋನಾ ಮಸೂರಿ ಚೀಲ, ಅಷ್ಟೇ ತೂಕದ ಗೋಧಿ ಹಿಟ್ಟು, ಬೇಳೆಗಳು, ಎರಡು ಕುಕ್ಕರ್, ಕಬ್ಬಿಣದ ದೋಸೆ ಕಾವಲಿಗಳು, ಕಲ್ಲಿನ ಗ್ರೈಂಡರ್. ಹೌದು, ಕಾಡಿನಲ್ಲಿ ದೋಸೆ ಹಿಟ್ಟು ರುಬ್ಬುವುದಕ್ಕೆ. ಅದರ ಕೆಳಗಿನ ಡಿಕ್ಕಿಯಲ್ಲಿ ಭಾವನ ಟೂಲ್ ಬಾಕ್ಸ್, ಮರದ ತುಂಡುಗಳು. ಮಾವ ಪಟ್ಟಿ ಕೇಳಿ ಏನೂ ಅನ್ನಲಿಲ್ಲ. ಅಂಗೈ ತೋರಿಸಿದರು, ಅಷ್ಟೇ.

ಅಳತೆ ಪಟ್ಟಿ ಹಿಡಿದು

ಮನೆಗೆ ಬಂದ ಮೇಲೆ ಭಾವನ ಎಲ್‌ಟಿ ಆಸೆಯನ್ನು ಅಳತೆ ಪಟ್ಟಿಗೆ ಒಪ್ಪಿಸಿದೆವು.

14 ಇಂಚಿನ ರಿಮ್‌ಗೆ ನಮಗೆ ಬೇಕಾದಷ್ಟು ಭಾರ ಹೊರುವ ಎಲ್‌ಟಿ ಅಂಗಡಿಯಲ್ಲಿ ಸಿಗಲಿಲ್ಲ. ಎಲ್‌ಟಿ ಬೇಕಾದರೆ ರಿಮ್ ದೊಡ್ಡದಾಗಬೇಕು. 15 ಇಂಚಿಗೆ ಎಲ್‌ಟಿ235/75ಆರ್15 ಸಿ ಇದೆ, 1,985 ಪೌಂಡ್. 16ಕ್ಕೆ ಎಲ್‌ಟಿ225/75ಆರ್16 ಇ, 2,680 ಪೌಂಡ್, 80 ಪಿಎಸ್‌ಐ. ಕೇಳಲು ಚೆಂದ. ಆದರೆ ಈಗಿರುವ ಟೈರಿನ ಎತ್ತರ 26 ಇಂಚು ಚಿಲ್ಲರೆ. ಆ 16ರ ಎಲ್‌ಟಿ 29 ಇಂಚು ದಾಟುತ್ತದೆ. ಅಂದರೆ ಮೇಲಕ್ಕೆ ಒಂದೂವರೆ ಇಂಚಿಗಿಂತ ಜಾಸ್ತಿ ಏರುತ್ತದೆ. ನಮ್ಮ ಟೈರ್ ಮತ್ತು ಫೆಂಡರ್ ನಡುವೆ ಇದ್ದದ್ದು ಮೂರೂಕಾಲು ಇಂಚು. ಗುಂಡಿಗೆ ಬಿದ್ದಾಗ ಸ್ಪ್ರಿಂಗ್ ಒತ್ತಿಕೊಂಡು ಚಕ್ರ ಮೇಲೆ ಬರುತ್ತದಲ್ವಾ? ಆಗ ಹೊಸ ಟೈರ್ ಮೇಲಿನ ತಗಡನ್ನು ಉಜ್ಜುತ್ತದೆ. ಆಕ್ಸಲ್‌ಗಳ ನಡುವಿನ ದೂರ 33 ಇಂಚು. ಈಗ ಎರಡು ಟೈರ್ ನಡುವೆ ಏಳು ಇಂಚು ಹತ್ತಿರ ಜಾಗ ಇದೆ, ಅದೂ ನಾಲ್ಕಕ್ಕಿಂತ ಕಡಿಮೆಯಾಗುತ್ತದೆ. ಇಡೀ ಗಾಡಿಯನ್ನು ಎತ್ತರಿಸಿದರೆ ಹಾಕಬಹುದು. ಟೈರ್ ಬದಲಿಸಲು ಹೋಗಿ ಗಾಡಿಯನ್ನೇ ಬದಲಿಸಿದ ಹಾಗೆ.

ಉಳಿದದ್ದು ಎಸ್‌ಟಿಯಲ್ಲೇ ಎರಡು ದಾರಿ. ಹೊಸ 15 ಇಂಚಿನ ರಿಮ್ ತಂದು ಎಸ್‌ಟಿ205/75ಆರ್15 ಡಿ ಹಾಕುವುದು, 2,150 ಪೌಂಡ್, ಎತ್ತರ ಮೇಲಕ್ಕೆ ಅರ್ಧ ಇಂಚು ಮಾತ್ರ ಜಾಸ್ತಿ. ಇಲ್ಲದಿದ್ದರೆ ಇದೇ ರಿಮ್‌ಗೆ ಇದೇ ಅಳತೆಯ ಲೋಡ್ ರೇಂಜ್ ಡಿ, 65 ಪಿಎಸ್‌ಐಗೆ 2,040 ಪೌಂಡ್.

ಇಲ್ಲಿ ಒಂದು ತೊಡಕು. ಟೈರಿಗೆ ಶಕ್ತಿ ಇದ್ದರೆ ಸಾಲದು, ರಿಮ್‌ಗೂ ಇರಬೇಕು. ರಿಮ್ ಬಿಚ್ಚಿ ಹಿಂಬದಿ ಒರೆಸಿ ನೋಡಿದೆವು. 1,900 ಪೌಂಡ್, 65 ಪಿಎಸ್‌ಐ ಅಂತ ಅಚ್ಚಿತ್ತು. ಅಂದರೆ 2,040ರ ಟೈರ್ ಹಾಕಿದರೂ ಚಕ್ರದ ಮಿತಿ 1,900. ಅದಕ್ಕೂ ಕೆಳಗೆ ಆಕ್ಸಲ್ ಇದೆ, ಒಂದು ಕಡೆಗೆ 1,750. ಎಷ್ಟು ದೊಡ್ಡ ಟೈರ್ ತಂದರೂ ಗಾಡಿಗೆ ಒಂದು ಪೌಂಡ್ ಜಾಸ್ತಿ ತುಂಬುವ ಹಕ್ಕು ಬರುವುದಿಲ್ಲ. ಟೈರಿನ ಹೆಚ್ಚುವರಿ ಶಕ್ತಿ ಇರುವುದು ಟೈರ್ ತಣ್ಣಗಿರಲಿ ಅಂತ.

ಹಾಗಾಗಿ ಮೊದಲು ಸಾಮಾನು ಬದಲಿಸಿದೆವು. ಗ್ರೈಂಡರ್, ಅಕ್ಕಿ, ಹಿಟ್ಟು ಎದುರಿನ ಸೋಫಾ ಕೆಳಗೆ. ಟೂಲ್ ಬಾಕ್ಸ್ ಬಲಗಡೆ ಡಿಕ್ಕಿಗೆ. ಒಂದು ಕುಕ್ಕರ್ ಮನೆಯಲ್ಲೇ. ಮತ್ತೆ ಲಿವಿಂಗ್‌ಸ್ಟನ್‌ಗೆ ಹೋಗಿ ತೂಗಿಸಿದಾಗ ಎಡ 1,730 ಮತ್ತು 1,670, ಬಲ 1,680 ಮತ್ತು 1,640 ಬಂತು. ಎಲ್ಲವೂ ಆಕ್ಸಲ್ ಮಿತಿಯೊಳಗೆ, ರಿಮ್ ಮಿತಿಯೊಳಗೆ. ಇಷ್ಟಕ್ಕೆ ಖರ್ಚಾದದ್ದು ಒಂದು ಶನಿವಾರ ಮತ್ತು ಅಕ್ಕನ ತಾಳ್ಮೆ.

ಆಗ 15 ಇಂಚಿನ ರಿಮ್ ಬೇಕಾಗಲಿಲ್ಲ. ಎಸ್‌ಟಿ205/75ಆರ್14 ಲೋಡ್ ರೇಂಜ್ ಡಿಯಲ್ಲೇ ಗುಡ್‌ಇಯರ್ ಎಂಡ್ಯೂರೆನ್ಸ್ ತಗೊಂಡೆವು. ನಾಲ್ಕು, ಜೊತೆಗೆ ಸ್ಟೆಪ್ನಿಗೆ ಒಂದು. ಫಿಟ್ಟಿಂಗ್ ಸೇರಿ 700 ಡಾಲರ್ ದಾಟಿತು. ಅದರ ಮೇಲೆ ಎನ್ ಅನ್ನುವ ವೇಗದ ಅಕ್ಷರ ಇದೆ, ಅಂದರೆ 87 ಮೈಲಿ. ಅಷ್ಟು ಓಡಿಸಲು ಅಲ್ಲ. 63ರಲ್ಲಿ ಓಡಿಸುವಾಗ ಟೈರಿಗೆ ಉಸಿರಾಡಲು ಜಾಗ ಇರಲಿ ಅಂತ. ಅತಿ ಭಾರದ ಚಕ್ರ 1,730, ಟೈರ್ ಶಕ್ತಿ 2,040. ನೂರಕ್ಕೆ 85ರಷ್ಟು ಮಾತ್ರ ಬಳಕೆ. ಸಿ ಟೈರನ್ನೇ ಮತ್ತೆ ಹಾಕಿದ್ದರೆ ನೂರಕ್ಕೆ 98 ಆಗುತ್ತಿತ್ತು.

ಗಾಡಿ ಮಾಡಿದವರು ಮೊದಲೇ ಡಿ ಯಾಕೆ ಕೊಡಲಿಲ್ಲ? 3,500ರ ಆಕ್ಸಲ್‌ಗೆ 3,520ರ ಟೈರ್ ಜೋಡಿ ಕೊಟ್ಟರೆ ಆ ಕಾಲದ ಲೆಕ್ಕಕ್ಕೆ ಸಾಕಾಗಿತ್ತು. 2017ರಲ್ಲಿ ಆರ್‌ವಿ ಉದ್ಯಮದ ಸಂಘ ಆರ್‌ವಿಐಎ, ಆಕ್ಸಲ್ ಮಿತಿಗಿಂತ ಟೈರಿನ ಶಕ್ತಿ ಕನಿಷ್ಠ ಶೇಕಡಾ 10 ಜಾಸ್ತಿ ಇರಬೇಕು ಅಂತ ನಿಯಮ ತಂದಿತು. ಆ ಲೆಕ್ಕದಲ್ಲಿ ಒಂದು ಆಕ್ಸಲ್‌ಗೆ 3,850 ಬೇಕು. ಸಿ ನಪಾಸು, ಡಿ ಪಾಸು. ನಮ್ಮ ಟ್ರೇಲರ್ 2016ರದ್ದು. ಒಂದು ವರ್ಷದಲ್ಲಿ ತಪ್ಪಿಹೋಯಿತು.

ಹಾಕಿಸುವಾಗ ಅಂಗಡಿಯವನು ಮಾಮೂಲಿ ರಬ್ಬರ್ ವಾಲ್ವ್ ಕೈಗೆತ್ತಿಕೊಂಡಿದ್ದ. ಅದರ ಮಿತಿಯೇ 65 ಪಿಎಸ್‌ಐ. ತಣ್ಣಗಿರುವಾಗಲೇ 65 ಹೊಡೆದು, ಓಡಿ ಬಿಸಿಯಾಗಿ 70 ದಾಟುವ ಟೈರಿಗೆ ಅದು ಸಾಲದು. ಲೋಹದ ವಾಲ್ವ್ ಕೇಳಿ ಹಾಕಿಸಿದೆವು. ಅದರ ತುದಿಗೆ ಗಾಳಿ ಮತ್ತು ಬಿಸಿ ಎರಡನ್ನೂ ತೋರಿಸುವ ಸೆನ್ಸರ್ ಕೂತಿದೆ. ಬಿಸಿಯಾದಾಗ ಗಾಳಿ ಏರಿದ್ದು ನೋಡಿ ಭಾವ ಒಮ್ಮೆ ಬಿಡಲು ಹೋಗಿದ್ದರು. ಬಿಡಬಾರದು. ಹತ್ತು ಡಿಗ್ರಿ ಫ್ಯಾರನ್‌ಹೀಟ್‌ಗೆ ಒಂದು ಪಿಎಸ್‌ಐ ಆಸುಪಾಸು ಏರುವುದು ಸಹಜ, ಟೈರ್ ಮಾಡಿದವರು ಅದನ್ನು ಲೆಕ್ಕ ಹಿಡಿದೇ ತಣ್ಣನೆಯ ಅಂಕಿ ಬರೆದಿರುತ್ತಾರೆ. 50 ಮೈಲಿ ಓಡಿಸಿ ನಟ್‌ಗಳನ್ನು ಇನ್ನೊಮ್ಮೆ ಟಾರ್ಕ್ ರೆಂಚ್‌ನಲ್ಲಿ ಬಿಗಿ ನೋಡಿದೆವು. ಎರಡು ಸ್ವಲ್ಪ ತಿರುಗಿದವು.

ಇದೇ ಪ್ರಶ್ನೆ ದೊಡ್ಡ ಟ್ರೇಲರ್ ಇರುವವರು ಕೇಳಿದ್ದರೆ ನನ್ನ ಉತ್ತರ ಬೇರೆ ಇರುತ್ತಿತ್ತು. 16 ಇಂಚಿನ ರಿಮ್, 5,200 ಪೌಂಡಿನ ಆಕ್ಸಲ್, ಅಂದರೆ ಚಕ್ರಕ್ಕೆ 2,600. ಅಲ್ಲಿ ಎಲ್‌ಟಿ235/85ಆರ್16 ಇ 3,042 ಪೌಂಡ್ ಹೊರುತ್ತದೆ. ಜಾಗವೂ ಇದ್ದರೆ ನಾನು ಎಲ್‌ಟಿಯನ್ನೇ ಹಾಕುತ್ತೇನೆ, ಆ ಗಟ್ಟಿ ಪರೀಕ್ಷೆಯ ಮೇಲಿನ ನಂಬಿಕೆಗೆ. ಅದೇ ಟೈರನ್ನು 6,000 ಪೌಂಡಿನ ಆಕ್ಸಲ್‌ಗೆ ಹಾಕಿದರೆ ಚಕ್ರಕ್ಕೆ 3,000 ಬೀಳುತ್ತದೆ, ಉಳಿಯುವುದು 42 ಪೌಂಡ್. ಅಲ್ಲಿ ಎಸ್‌ಟಿ235/80ಆರ್16 ಇ, 3,420. ಎರಡೂ ಸಲ ಉತ್ತರ ಕೊಟ್ಟದ್ದು ತಕ್ಕಡಿ.

ಮಾವ ನವೆಂಬರ್‌ನಲ್ಲಿ ಊರಿಗೆ ಹೊರಡುವ ಮುಂಚೆ ಇನ್ನೊಮ್ಮೆ ಫೋರ್ಟ್ ಡೇವಿಸ್‌ಗೆ ಹೋಗಿಬಂದೆವು. ಓಝೋನಾದಲ್ಲಿ ಡೀಸೆಲ್ ಹಾಕಿಸಲು ನಿಂತಾಗ ಭಾವ ಸೆನ್ಸರ್ ಪರದೆ ನೋಡಿದರು, ಮಾವ ಇಳಿದು ಅಂಗೈ ಇಟ್ಟು ನೋಡಿದರು. ಎಡ ಬಲ ಎರಡೂ ಒಂದೇ ಅಂದರು ಇಬ್ಬರೂ. ಹೊಸ ಟೈರ್‌ಗಳ ಕೊನೆಯ ನಾಲ್ಕು ಅಂಕಿ 1822. ಬಟನ್ ಹೇಗೇ ಇರಲಿ, 2027ರ ಬೇಸಿಗೆ ರಜೆಗೆ ಮುಂಚೆ ಐದನ್ನೂ ಬದಲಿಸಬೇಕು ಅಂತ ಅಕ್ಕ ಫ್ರಿಜ್ ಬಾಗಿಲಿಗೆ ಚೀಟಿ ಅಂಟಿಸಿದ್ದಾಳೆ. ಗ್ರೈಂಡರ್ ಬಲಗಡೆಯೇ ಇದೆ.